‘ಗಲ್ಲಿಗೇರಿಸಿ’ ಎನ್ನುವ ಮುಂಚೆ ಏನು ಓದಬೇಕು? ಮರಣದಂಡನೆ ಬಗ್ಗೆ ಮಾತಾಡೋಣ ಬನ್ನಿ

ಶಾಲ್ಮಲಾ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ವಕೀಲಿ ಮಾಡುತ್ತೇನೆ, ಹೆಚ್ಚಾಗಿ ಕ್ರಿಮಿನಲ್ ಕೇಸುಗಳು. ಎಲ್ಲಾದರೂ ಘೋರ ಕೊಲೆ ನಡೆದರೆ ಸಂಜೆಯೊಳಗೆ ಬ್ಯಾನರ್ ಬರುತ್ತದೆ, ಮೆರವಣಿಗೆ ಹೊರಡುತ್ತದೆ, ‘ಗಲ್ಲಿಗೇರಿಸಿ’ ಎಂಬ ಕೂಗು ಏಳುತ್ತದೆ. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜಿನ ಆವರಣದಲ್ಲೇ ಒಬ್ಬ ವಿದ್ಯಾರ್ಥಿನಿಯ ಕೊಲೆಯಾದಾಗ ಇಡೀ ಊರೇ ಬೀದಿಗೆ ಬಂತು. ಆ ಸಿಟ್ಟು ಸಹಜ. ಅದನ್ನು ತಪ್ಪು ಎನ್ನಲು ನಾನು ಬಂದಿಲ್ಲ.

ಆದರೆ ಮೆರವಣಿಗೆ ಮುಗಿದ ಮೇಲೆ ಕೇಸು ಐದು, ಹತ್ತು, ಇಪ್ಪತ್ತು ವರ್ಷ ನಡೆಯುತ್ತದೆ. ಆಗ ಅಲ್ಲಿ ಯಾರೂ ಇರುವುದಿಲ್ಲ. ಮರಣದಂಡನೆಯ ನಿಜವಾದ ಚರ್ಚೆ ನಡೆಯುವುದೇ ಆಗ. ಆರೋಪಿ ತಪ್ಪಿತಸ್ಥ ಎಂದು ತೀರ್ಪು ಕೊಟ್ಟ ಮೇಲೆ, ಶಿಕ್ಷೆ ಎಷ್ಟು ಎಂದು ತೀರ್ಮಾನಿಸಲು ಕೋರ್ಟ್ ಬೇರೆಯಾಗಿ ವಿಚಾರಣೆ ಮಾಡಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆ ಹಾಗೆ ಹೇಳಿತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯೂ ಹಾಗೇ ಹೇಳುತ್ತದೆ. ಒಬ್ಬ ಮನುಷ್ಯ ಬದುಕಬೇಕೋ ಸಾಯಬೇಕೋ ಎಂಬ ಆ ವಿಚಾರಣೆ ಎಷ್ಟೋ ಕಡೆ ತೀರ್ಪಿನ ದಿನವೇ ಅರ್ಧ ಗಂಟೆಯಲ್ಲಿ ಮುಗಿದು ಹೋಗುತ್ತದೆ. ‘ವಯಸ್ಸಾದ ತಾಯಿ ಇದ್ದಾರೆ, ಚಿಕ್ಕ ಮಕ್ಕಳಿದ್ದಾರೆ, ದಯೆ ತೋರಿ ಸ್ವಾಮಿ’ ಎಂದು ವಕೀಲರು ನಾಲ್ಕು ಮಾತು ಹೇಳಿ ಕೂರುತ್ತಾರೆ. ಅಷ್ಟೇ.

ಮರಣದಂಡನೆ ಬೇಡ ಎಂಬುದು ನನ್ನ ನಿಲುವು. ನೀವು ಬೇಕು ಎನ್ನುವವರಾದರೂ ಬನ್ನಿ. ಒಂದೇ ವಿನಂತಿ: ಅಪರಾಧ ಎಷ್ಟು ಕ್ರೂರ ಎಂಬಲ್ಲಿಗೇ ಮಾತು ನಿಲ್ಲುವುದು ಬೇಡ. ಶಿಕ್ಷೆ ಕೊಟ್ಟ ರೀತಿಯನ್ನೂ ನೋಡೋಣ. ಕರ್ನಾಟಕದ ಮೂರು ಕೇಸುಗಳಿಂದ ಶುರು ಮಾಡಬಹುದು: ಪಾಲಾರ್ ಸ್ಫೋಟ, ಶ್ರದ್ಧಾನಂದ, ಉಮೇಶ್ ರೆಡ್ಡಿ.

ಮಂಡ್ಯದ ಮಂಜು

ಮೇಡಂ, ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಉಮೇಶ್ ರೆಡ್ಡಿ ಹೆಸರು ಹೇಳಿದ್ರಿ. ಅಂಥವನ ಪರವಾಗಿ ಏನಿದೆ ಮಾತಾಡೋಕೆ? ಎಷ್ಟು ಹೆಣ್ಣುಮಕ್ಕಳ ಮನೆ ಹಾಳಾಯಿತು! ಜೈಲಿನಲ್ಲಿ ಕೂರಿಸಿ ಅನ್ನ ಹಾಕೋದು ಯಾವ ನ್ಯಾಯ? ನಮ್ಮ ತೆರಿಗೆ ದುಡ್ಡು ಅದು. ಒಂದು ಸಲ ನೇಣಿಗೆ ಹಾಕಿದರೆ ಇನ್ನೊಬ್ಬ ಹೆದರ್ತಾನೆ. ಸುಮ್ನೆ ವರ್ಷಗಟ್ಟಲೆ ಎಳೆದಾಡೋದ್ರಿಂದಲೇ ಜನಕ್ಕೆ ಕೋರ್ಟಿನ ಮೇಲೆ ನಂಬಿಕೆ ಹೋಗ್ತಿರೋದು.

ಶಾಲ್ಮಲಾ, ಧಾರವಾಡ

ಮಂಜು ಅವರೇ, ಬೇಜಾರಿಲ್ಲ. ಸುಲಭದ ಕೇಸು ಆರಿಸಿಕೊಂಡರೆ ಚರ್ಚೆ ನಡೆಯುವುದಿಲ್ಲ, ಅದಕ್ಕೇ ಇದನ್ನು ಎತ್ತಿದ್ದು.

1998ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಒಬ್ಬ ಮಹಿಳೆಯ ಅತ್ಯಾಚಾರ, ಕೊಲೆ. 2006ರಲ್ಲಿ ಸೆಷನ್ಸ್ ಕೋರ್ಟ್ ಗಲ್ಲು ವಿಧಿಸಿತು. ಹೈಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಮುಂದೆ ಹೋಯಿತು. ಒಬ್ಬರು ಗಲ್ಲು ಸರಿ ಎಂದರು, ಇನ್ನೊಬ್ಬರು ಜೀವಾವಧಿ ಸಾಕು ಎಂದರು. ಮೂರನೆಯವರು ಗಲ್ಲಿನ ಕಡೆ ನಿಂತರು. 2011ರಲ್ಲಿ ಸುಪ್ರೀಂ ಕೋರ್ಟ್ ಕಾಯಂ ಮಾಡಿತು. 2013ರಲ್ಲಿ ರಾಷ್ಟ್ರಪತಿಗಳು ಕ್ಷಮಾದಾನದ ಅರ್ಜಿ ತಿರಸ್ಕರಿಸಿದರು.

ಅಲ್ಲಿಗೆ ಮುಗಿಯಲಿಲ್ಲ. ಸೆಷನ್ಸ್ ಕೋರ್ಟಿನ ತೀರ್ಪು ಬಂದ ಕೂಡಲೇ ಅವನನ್ನು ಬೆಳಗಾವಿ ಜೈಲಿನಲ್ಲಿ ಒಂಟಿ ಕೋಣೆಗೆ ಹಾಕಿದ್ದರು. ಸುಮಾರು 10 ವರ್ಷ. ಕ್ಷಮಾದಾನದ ಅರ್ಜಿ ಇತ್ಯರ್ಥ ಆಗುವ ತನಕ ಯಾರನ್ನೂ ಹಾಗೆ ಒಂಟಿಯಾಗಿ ಇಡುವಂತಿಲ್ಲ ಎಂದು 1978ರಲ್ಲೇ ಸುನಿಲ್ ಬಾತ್ರಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಹಾಗಾಗಿ 2022ರ ನವೆಂಬರ್ 4ರಂದು ಗಲ್ಲು ರದ್ದಾಯಿತು. ಕನಿಷ್ಠ 30 ವರ್ಷ ಜೈಲು ಎಂದಾಯಿತು.

ಇಲ್ಲಿ ಕೋರ್ಟ್ ಅವನು ಒಳ್ಳೆಯವನು ಎಂದಿಲ್ಲ. ಅಪರಾಧ ಸಣ್ಣದು ಎಂದೂ ಅಂದಿಲ್ಲ. ಜೈಲಿನವರೇ ಕಾನೂನು ಮುರಿದರು ಎಂದಿತು. ಜೀವ ತೆಗೆಯುವ ಅಧಿಕಾರ ಬೇಕು ಎನ್ನುವ ಸರ್ಕಾರ ತನ್ನದೇ ನಿಯಮ ಪಾಲಿಸಬೇಕಲ್ವಾ?

ಇನ್ನು ಅನ್ನದ ವಿಷಯ. ಶಿಕ್ಷೆಯಾದ ಕೈದಿಗಳು ಜೈಲಿನಲ್ಲಿ ಕೆಲಸ ಮಾಡುತ್ತಾರೆ. ಅದು ಹಾಗಿರಲಿ, ದುಡ್ಡು ಉಳಿಸಲು ಜೀವ ತೆಗೆಯಬಹುದು ಎಂಬ ಲೆಕ್ಕ ಒಪ್ಪಿದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಹೇಳಿ.

ವರದೆಯ ತೀರ

ಅಕ್ಕಾ, ನಾನು ಬೇರೆ ಕಡೆ ನಿಂತು ಮಾತಾಡುತ್ತೇನೆ. ನನ್ನ ಚಿಕ್ಕಪ್ಪನನ್ನು ಜಮೀನಿನ ಜಗಳದಲ್ಲಿ ಕೊಂದರು. ಊರಿನ ಹೆಸರು ಬೇಡ. ಕೇಸು ನಡೆಯುತ್ತಿದೆ ಎಂಬುದೇ ನಮಗೆ ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ. ದಿನಾಂಕ ಯಾರೂ ಹೇಳುತ್ತಿರಲಿಲ್ಲ. ನಮ್ಮ ಚಿಕ್ಕಮ್ಮ ಸಾಕ್ಷಿ ಹೇಳಲು ಹೋದಾಗ ಆರೋಪಿಗಳ ಕಡೆಯವರು ಕೂತಿದ್ದ ಬೆಂಚಿನಲ್ಲೇ ಕೂರಬೇಕಾಯಿತು. ಮಾನವ ಹಕ್ಕು ಎಂದು ಮಾತಾಡುವವರು ಒಬ್ಬರೂ ಅವರ ಹತ್ತಿರ ಬರಲಿಲ್ಲ.

ಚಿಕ್ಕಮ್ಮನಿಗೆ ಗಲ್ಲೇ ಆಗಬೇಕು ಅಂತ ಈಗಲೂ ಇದೆ. ನಾನು ಅವರಿಗೆ ಬುದ್ಧಿ ಹೇಳಲಾರೆ, ನೀವೂ ಹೇಳಬೇಡಿ. ಮರಣದಂಡನೆ ಬೇಡ ಎನ್ನುವವರು ಮೊದಲು ನಮ್ಮಂಥವರ ಮನೆ ಬಾಗಿಲಿಗೆ ಬರಬೇಕು. ಇಲ್ಲದಿದ್ದರೆ ನಿಮ್ಮ ಮಾತು ನಮ್ಮ ಕಿವಿಗೆ ಬೀಳುವುದಿಲ್ಲ.

ಶಾಲ್ಮಲಾ, ಧಾರವಾಡ

ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ನಿಮ್ಮ ಚಿಕ್ಕಮ್ಮನಿಗೆ ಬುದ್ಧಿ ಹೇಳುವ ಹಕ್ಕು ಯಾರಿಗೂ ಇಲ್ಲ.

ಕೆಲಸಕ್ಕೆ ಬರುವ ಕೆಲವು ವಿಷಯ ಹೇಳುತ್ತೇನೆ. ಲಖೀಂಪುರ್ ಖೇರಿ ಕೇಸಿನಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ನೊಂದವರಿಗೆ ತನಿಖೆಯಿಂದ ಮೇಲ್ಮನವಿಯ ತನಕ ಪ್ರತಿ ಹಂತದಲ್ಲೂ ಮಾತಾಡುವ ಹಕ್ಕಿದೆ. ಜಾಮೀನು ವಿಚಾರಣೆಯಲ್ಲೂ ಇದೆ. ಆರೋಪಿ ಖುಲಾಸೆಯಾದರೆ ಕುಟುಂಬದವರೇ ಮೇಲ್ಮನವಿ ಹಾಕಬಹುದು, 2009ರ ತಿದ್ದುಪಡಿಯಿಂದ ಬಂದದ್ದು ಇದು. ಆದರೆ ಶಿಕ್ಷೆ ಕಡಿಮೆಯಾಯಿತು ಎಂಬ ಒಂದೇ ಕಾರಣಕ್ಕೆ ಕುಟುಂಬ ಹಾಗೆ ಮೇಲ್ಮನವಿ ಹಾಕಲು ಬರುವುದಿಲ್ಲ. ಅದನ್ನು ಸರ್ಕಾರವೇ ಹಾಕಬೇಕು.

ಪರಿಹಾರಕ್ಕೆ ಸಂತ್ರಸ್ತರ ಪರಿಹಾರ ಯೋಜನೆ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು. ಇದು ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತದೆ, ಅರ್ಜಿಗೆ ಶುಲ್ಕ ಇಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ನಿಮ್ಮ ಚಿಕ್ಕಮ್ಮ ಇವತ್ತೇ ಕೇಳಬಹುದು. ಅರ್ಜಿ ಬರೆಯಲು ನೆರವು ಬೇಕಾದರೆ ನನಗೆ ಖಾಸಗಿ ಸಂದೇಶ ಹಾಕಿ, ಖಂಡಿತ ಮಾಡಿಕೊಡುತ್ತೇನೆ.

ನಿವೃತ್ತ ಮೇಷ್ಟ್ರು, ಶಿಕಾರಿಪುರ

ನಮ್ಮ ತಾಲ್ಲೂಕಿನ ಒಂದು ಕಥೆ ಹೇಳಬೇಕು ಅನಿಸಿತು. ಈಸೂರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ನಿಮಗೆಲ್ಲ ಗೊತ್ತು. 1942ರ ಸೆಪ್ಟೆಂಬರಿನಲ್ಲಿ ಊರಿನವರು ತಾವು ಸ್ವತಂತ್ರರು ಎಂದು ಸಾರಿದರು. ಅಮಲ್ದಾರರು ಪೊಲೀಸರ ಜೊತೆ ಬಂದರು. ಗಲಾಟೆಯಲ್ಲಿ ಅಮಲ್ದಾರರೂ ಒಬ್ಬ ಸಬ್ ಇನ್ಸ್‌ಪೆಕ್ಟರೂ ಸತ್ತರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಐವರನ್ನೂ ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೆ ಹಾಕಿದರು.

ನಾವು ಅವರನ್ನು ಹುತಾತ್ಮರು ಎನ್ನುತ್ತೇವೆ, ಮಕ್ಕಳಿಗೆ ಪಾಠ ಹೇಳುತ್ತೇವೆ. ಆಗಿನ ಕೋರ್ಟಿನ ಲೆಕ್ಕದಲ್ಲಿ ಅದು ಕೊಲೆ ಕೇಸು. ಇಬ್ಬರು ಸರ್ಕಾರಿ ನೌಕರರು ನಿಜವಾಗಿಯೂ ಸತ್ತಿದ್ದರು, ಅವರಿಗೂ ಮನೆ ಮಕ್ಕಳು ಇದ್ದರು. ಸ್ವಾತಂತ್ರ್ಯ ಬರಲು ಉಳಿದಿದ್ದದ್ದು ನಾಲ್ಕೇ ನಾಲ್ಕು ವರ್ಷ. ಜೀವಾವಧಿ ಆಗಿದ್ದರೆ ಆ ಐವರೂ ಹೊರಗೆ ಬರುತ್ತಿದ್ದರು. ಸರ್ಕಾರ ಬದಲಾಗುತ್ತದೆ, ಜನರ ತೀರ್ಮಾನ ಬದಲಾಗುತ್ತದೆ. ನೇಣು ಹಾಕಿದ್ದನ್ನು ಮಾತ್ರ ಬದಲಾಯಿಸಲು ಆಗುವುದಿಲ್ಲ.

ಮಂಡ್ಯದ ಮಂಜು

ಮೇಷ್ಟ್ರೇ, ನಮಸ್ಕಾರ. ಆದ್ರೆ ಸ್ವಾತಂತ್ರ್ಯ ಹೋರಾಟಗಾರರನ್ನೂ ಅತ್ಯಾಚಾರಿಗಳನ್ನೂ ಒಂದೇ ಕಡೆ ಇಡೋದು ನನಗೆ ಒಪ್ಪಿಗೆ ಆಗ್ತಿಲ್ಲ.

ನಿವೃತ್ತ ಮೇಷ್ಟ್ರು, ಶಿಕಾರಿಪುರ

ಒಂದೇ ಕಡೆ ಇಟ್ಟಿಲ್ಲಪ್ಪ. ಮನುಷ್ಯರು ಬೇರೆ ಬೇರೆಯೇ. ಕುಣಿಕೆ ಮಾತ್ರ ಒಂದೇ. ಅದು ಯಾರ ಕೈಯಲ್ಲಿ ಇರುತ್ತದೆ ಎಂಬುದನ್ನು ಯೋಚನೆ ಮಾಡು ಅಂತ ಹೇಳಿದೆ.

ಕೋಲಾರದ ಕೂಗು

ಇಲ್ಲಿ ಯಾರೂ ಜಾತಿಯ ಮಾತು ಎತ್ತಿಲ್ಲ, ಹಾಗಾಗಿ ನಾನು ಎತ್ತುತ್ತೇನೆ.

ಕಂಬಾಲಪಲ್ಲಿ. 2000ದ ಮಾರ್ಚ್ 11. ಏಳು ಜನ ದಲಿತರನ್ನು ಮನೆಯೊಳಗೆ ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಸಾಕ್ಷಿಗಳು ತಿರುಗಿ ಬಿದ್ದಿದ್ದರು. ಹೆದರಿದ್ದರು, ಇನ್ನೇನು ಕಾರಣ? ಏಳು ಹೆಣ ಬಿದ್ದವು, ಕೊಂದವರು ಮಾತ್ರ ಯಾರೂ ಇಲ್ಲ.

ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ 2006ರಲ್ಲಿ ಒಂದೇ ಕುಟುಂಬದ ನಾಲ್ವರನ್ನು ಕೊಂದರು. 2008ರಲ್ಲಿ ಆರು ಜನರಿಗೆ ಗಲ್ಲು ಎಂದಾಗ ನಮ್ಮವರು ಎಷ್ಟೋ ಜನ ಅತ್ತಿದ್ದರು, ಕಡೆಗೂ ನ್ಯಾಯ ಸಿಕ್ಕಿತು ಎಂದು. 2010ರಲ್ಲಿ ಹೈಕೋರ್ಟ್ ಅದನ್ನು 25 ವರ್ಷಕ್ಕೆ ಇಳಿಸಿತು.

ಹಾಗಂತ ನಾನು ಗಲ್ಲು ಕೇಳುತ್ತಿಲ್ಲ. ಮರಣದಂಡನೆ ಇರುವ ದೇಶದಲ್ಲಿ ಅದು ಯಾರ ಕೊರಳಿಗೆ ಬೀಳುತ್ತಿದೆ ಎಂದು ನೋಡಿ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ಗಲ್ಲು ಶಿಕ್ಷೆಯಾದ 373 ಕೈದಿಗಳ ವಿವರ ಸೇರಿಸಿ 2016ರಲ್ಲಿ ವರದಿ ತಂದರು. ಅವರಲ್ಲಿ ನೂರಕ್ಕೆ 74 ಜನ ಬಡವರು. ನೂರಕ್ಕೆ 76 ಜನ ಹಿಂದುಳಿದವರು, ದಲಿತರು, ಆದಿವಾಸಿಗಳು, ಅಲ್ಪಸಂಖ್ಯಾತರು. ನಮ್ಮವರು ಸತ್ತಾಗ ಸಾಕ್ಷಿ ಸಾಲುವುದಿಲ್ಲ, ನಮ್ಮವರು ಆರೋಪಿಯಾದಾಗ ವಕೀಲರು ಸಾಲುವುದಿಲ್ಲ. ಇದನ್ನು ಬಿಟ್ಟು ಮರಣದಂಡನೆಯ ಚರ್ಚೆ ಮಾಡುವುದು ಹೇಗೆ?

ಸಂವಿಧಾನ ಸಭೆಯಲ್ಲಿ 1949ರ ಜೂನ್‌ನಲ್ಲಿ ಬಾಬಾಸಾಹೇಬರು ಮರಣದಂಡನೆ ರದ್ದಾಗುವುದೇ ಒಳ್ಳೆಯದು ಎಂದಿದ್ದರು. ಅಹಿಂಸೆಯನ್ನು ಒಂದು ನೀತಿಯಾಗಿ ನಂಬುವ ದೇಶಕ್ಕೆ ಅದೇ ಸರಿ ಎಂಬುದು ಅವರ ವಾದವಾಗಿತ್ತು. ಅವರ ಹೆಸರು ಹೇಳುವವರು ಇದನ್ನೂ ನೆನಪಿಟ್ಟುಕೊಳ್ಳಬೇಕು.

ಕಾನೂನು ವಿದ್ಯಾರ್ಥಿ, ಮೈಸೂರು

ಕೋಲಾರದ ಅಣ್ಣ ಹೇಳಿದ್ದಕ್ಕೆ ಇನ್ನೊಂದು ಕೇಸು ಸೇರಿಸುತ್ತೇನೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

2003ರಲ್ಲಿ ನಾಸಿಕ್ ಹತ್ತಿರ ಒಂದು ಗುಡಿಸಲಿನ ಮೇಲೆ ದಾಳಿ, ಐದು ಕೊಲೆ, ಅತ್ಯಾಚಾರ. ಅಲೆಮಾರಿ ಸಮುದಾಯದ ಆರು ಜನರನ್ನು ಹಿಡಿದರು. ಸೆಷನ್ಸ್ ಕೋರ್ಟ್ ಆರೂ ಜನರಿಗೆ ಗಲ್ಲು ಎಂದಿತು. ಹೈಕೋರ್ಟ್ ಮೂವರಿಗೆ ಗಲ್ಲು ಉಳಿಸಿ ಮೂವರಿಗೆ ಜೀವಾವಧಿ ಮಾಡಿತು. 2009ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆರೂ ಜನರಿಗೆ ಗಲ್ಲೇ ಎಂದಿತು. ಆಮೇಲೆ ಮತ್ತೆ ವಿಚಾರಣೆಯಾಯಿತು. 2019ರ ಮಾರ್ಚ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ ಆರೂ ಜನ ನಿರಪರಾಧಿಗಳು ಎಂದು ಬಿಡುಗಡೆ ಮಾಡಿತು. ಬದುಕುಳಿದ ಸಾಕ್ಷಿ ಪೊಲೀಸರ ಫೋಟೋಗಳಲ್ಲಿ ಬೇರೆಯವರನ್ನು ಗುರುತಿಸಿದ್ದರು, ಅವರನ್ನು ಪೊಲೀಸರು ಬಿಟ್ಟಿದ್ದರು! ಆ ಆರು ಜನರಲ್ಲಿ ಒಬ್ಬ ಘಟನೆಯ ವೇಳೆ ಬಾಲಕ. 16 ವರ್ಷ ಜೈಲಿನಲ್ಲಿ ಕಳೆದ ಆರೂ ಜನರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ.

ದೇಶದ ಅತಿ ದೊಡ್ಡ ಕೋರ್ಟ್ ಒಮ್ಮೆ ಗಲ್ಲು ಎಂದ ಕೇಸು ಇದು. 2009ರಲ್ಲಿ ‘ಬೇಗ ನೇಣು ಹಾಕಿ’ ಎಂದು ಯಾರಾದರೂ ಹಟ ಹಿಡಿದಿದ್ದರೆ?

ಮಂಜು ಅಣ್ಣ, ಎಳೆದಾಡುತ್ತಾರೆ ಎಂದಿರಲ್ಲ, ಅದಕ್ಕೂ ಒಂದು ಉದಾಹರಣೆ ಇದೆ. ಮಧ್ಯಪ್ರದೇಶದ ಖಂಡ್ವಾದಲ್ಲಿ 2013ರಲ್ಲಿ ಒಂದು ಮಗುವಿನ ಕೊಲೆ ಕೇಸನ್ನು ಕೇವಲ 13 ದಿನದಲ್ಲಿ ಮುಗಿಸಿ ಗಲ್ಲು ವಿಧಿಸಿದರು. ಆರೋಪಿಗೆ ವಕೀಲರನ್ನು ಕೊಟ್ಟದ್ದು ಆರೋಪ ಹೊರಿಸುವ ದಿನವೇ. ತಯಾರಿಗೆ ಹೊತ್ತೇ ಇರಲಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರದ್ದು ಮಾಡಿ ಹೊಸದಾಗಿ ವಿಚಾರಣೆ ಮಾಡಿ ಎಂದಿತು. 2024ರಲ್ಲಿ ಅವನು ಖುಲಾಸೆಯಾದ. ಹಾಗಾದರೆ ಆ ಮಗುವನ್ನು ಕೊಂದವರು ಯಾರು? 11 ವರ್ಷ ಯಾರೂ ಹುಡುಕಲಿಲ್ಲ. ಅವಸರ ಮಾಡಿದ್ದರಿಂದ ಆ ಮಗುವಿನ ತಂದೆತಾಯಿಗೂ ನ್ಯಾಯ ಸಿಗಲಿಲ್ಲ.

ಬೆಳಗಾವಿ ನಿವಾಸಿ

ಹಿಂಡಲಗಾ ಜೈಲು ನಮ್ಮ ಊರಿನದು. ರಾಜ್ಯದಲ್ಲಿ ನೇಣು ಹಾಕುವ ವ್ಯವಸ್ಥೆ ಇರುವುದು ಅಲ್ಲೇ. 1980ರ ದಶಕದ ನಂತರ ಅಲ್ಲಿ ಯಾರನ್ನೂ ಗಲ್ಲಿಗೆ ಹಾಕಿಲ್ಲ.

2013ರ ಫೆಬ್ರುವರಿ ನೆನಪಿದೆಯಾ ಯಾರಿಗಾದರೂ? ವೀರಪ್ಪನ್ ಸಹಚರರು ನಾಲ್ವರ ಕ್ಷಮಾದಾನದ ಅರ್ಜಿ ತಿರಸ್ಕಾರವಾದಾಗ ಟಿವಿಯವರ ಗಾಡಿಗಳು ಜೈಲಿನ ಮುಂದೆ ಸಾಲಾಗಿ ನಿಂತಿದ್ದವು. ಇವತ್ತು ಹಾಕ್ತಾರೆ, ನಾಳೆ ಹಾಕ್ತಾರೆ ಎಂದು ಹಗಲೂ ರಾತ್ರಿ ಸುದ್ದಿ. ಹಗ್ಗ ಎಲ್ಲಿಂದ ಬರುತ್ತದೆ, ನೇಣು ಹಾಕುವವರು ಯಾರು ಎಂಬುದೇ ಚರ್ಚೆ. ಮನೆಯಲ್ಲಿ ಮಕ್ಕಳು ಕೂತು ನೋಡುತ್ತಿದ್ದರು. ಅದನ್ನು ನಾನು ಮರಣದಂಡನೆಯ ಚರ್ಚೆ ಎಂದು ಕರೆಯಲಾರೆ.

ಆ ಕೇಸಿನ ಹಿಂದೆ ಮುಂದೆ ತಿಳಿದವರು ಇದ್ದರೆ ಹೇಳಿ.

ಶಾಲ್ಮಲಾ, ಧಾರವಾಡ

ಪಾಲಾರ್ ಕೇಸು ಅದು. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಕಡೆ, ತಮಿಳುನಾಡಿನ ಗಡಿಯ ಹತ್ತಿರ ನೆಲಬಾಂಬ್ ಸಿಡಿದು 22 ಜನ ಸತ್ತರು. ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿದಾರರು. ಅವರ ಮನೆಯವರ ದುಃಖ ಸಣ್ಣದಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಮೈಸೂರಿನ ಟಾಡಾ (ಆಗಿನ ಭಯೋತ್ಪಾದನೆ ತಡೆ ಕಾಯಿದೆ) ಕೋರ್ಟ್ 2001ರಲ್ಲಿ ಆ ನಾಲ್ವರಿಗೆ ಜೀವಾವಧಿ ಕೊಟ್ಟಿತು. ಅವರು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿದರು. 2004ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಹಾಗೇ ಬಿದ್ದಿತ್ತು. ಇವತ್ತೋ ನಾಳೆಯೋ ಎಂದು ಒಂಬತ್ತು ವರ್ಷ ಕಾಯಿಸುವುದೇ ಒಂದು ಹಿಂಸೆ ಎಂದು 2014ರ ಜನವರಿ 21ರಂದು ಕೋರ್ಟ್ ಹೇಳಿತು. ಒಟ್ಟು 15 ಜನರ ಗಲ್ಲು ಜೀವಾವಧಿಯಾಯಿತು. ಶತ್ರುಘ್ನ ಚೌಹಾಣ್ ಕೇಸು ಎಂದು ಅದಕ್ಕೆ ಹೆಸರು. ಕರ್ನಾಟಕದ ಇನ್ನೂ ಮೂವರು ಆ ಪಟ್ಟಿಯಲ್ಲಿದ್ದರು.

ಶ್ರದ್ಧಾನಂದ ಕೇಸೂ ಓದಿ. ಬೆಂಗಳೂರಿನಲ್ಲಿ 1991ರಲ್ಲಿ ಹೆಂಡತಿಯನ್ನು ಕೊಂದು ಮನೆಯ ಅಂಗಳದಲ್ಲೇ ಹೂತ ಕೇಸು. 1994ರಲ್ಲಿ ಹೊರಗೆ ಬಂತು. ಸೆಷನ್ಸ್ ಕೋರ್ಟ್ ಗಲ್ಲು ಎಂದಿತು, ಹೈಕೋರ್ಟ್ ಕಾಯಂ ಮಾಡಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಗಲ್ಲು ಎಂದರು, ಮತ್ತೊಬ್ಬರು ಬೇಡ ಎಂದರು. ಕಾನೂನು ಒಂದೇ, ಸಾಕ್ಷ್ಯ ಒಂದೇ, ಕಡತ ಒಂದೇ. 2008ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೊಸ ದಾರಿ ಹುಡುಕಿತು: ಗಲ್ಲು ಬೇಡ, ಆದರೆ ಸಾಯುವ ತನಕ ಜೈಲು, 14 ವರ್ಷಕ್ಕೆ ಬಿಡುಗಡೆಯ ಮಾತೇ ಇಲ್ಲ. 2015ರಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ ಇದನ್ನು ಒಪ್ಪಿತು.

‘ಜೀವಾವಧಿ ಎಂದರೆ 14 ವರ್ಷ, ಆಮೇಲೆ ಹೊರಗೆ ಬಂದು ಮತ್ತೆ ಕೊಲೆ ಮಾಡ್ತಾನೆ’ ಎಂದು ಹೆದರುವವರು ಬಹಳ ಇದ್ದಾರೆ. ಆ ಹೆದರಿಕೆಗೆ ಉತ್ತರ ಸಿಕ್ಕಿದ್ದು ನಮ್ಮ ಬೆಂಗಳೂರಿನ ಕೇಸಿನಲ್ಲಿ. ಇಡೀ ದೇಶ ಈಗ ಅದನ್ನೇ ಬಳಸುತ್ತಿದೆ.

ದಮ್ಮಾಮಿನ ಕನ್ನಡಿಗ

ನಾನಿರುವುದು ಸೌದಿಯಲ್ಲಿ, ಊರು ಉಡುಪಿ ಕಡೆ. ಇಲ್ಲಿ ಮರಣದಂಡನೆ ಎಂದರೆ ಮಾತಲ್ಲ, ಆಗಾಗ ಜಾರಿಯಾಗುತ್ತಲೇ ಇರುತ್ತದೆ. ಆದರೆ ಕೊಲೆ ಕೇಸಿನಲ್ಲಿ ಸತ್ತವರ ವಾರಸುದಾರರು ಕ್ಷಮಿಸಿದರೆ, ಅಥವಾ ಪರಿಹಾರದ ಹಣ ಒಪ್ಪಿಕೊಂಡರೆ ಜೀವ ಉಳಿಯುತ್ತದೆ. 2024ರಲ್ಲಿ ಕೇರಳದ ಒಬ್ಬರಿಗಾಗಿ ಮಲಯಾಳಿಗಳು 34 ಕೋಟಿ ರೂಪಾಯಿ ಕೂಡಿಸಿದರು.

ನೊಂದ ಕುಟುಂಬಕ್ಕೆ ಇಲ್ಲಿ ಮಾತಿದೆ, ಅದು ಒಳ್ಳೆಯದು ಎಂದು ಕೆಲವರು ಹೇಳುತ್ತಾರೆ. ನನಗೆ ಕಾಣುವುದು ಬೇರೆ. ಹಣ ಕೂಡಿಸಲು ಯಾರೂ ಇಲ್ಲದ ಕೂಲಿಯವನ ಗತಿ ಏನು? ವಿಚಾರಣೆಯ ಭಾಷೆ ಕೂಡ ಅವನಿಗೆ ತಿಳಿಯುವುದಿಲ್ಲ. ಇಲ್ಲಿ ಕೆಲಸಕ್ಕೆ ಬಂದವರಿಗೆ ಈ ಚರ್ಚೆ ದೂರದ್ದಲ್ಲ. ಹೊರದೇಶದಲ್ಲಿ ನಮ್ಮವರೊಬ್ಬರ ತಲೆಯ ಮೇಲೆ ಕತ್ತಿ ಬಂದಾಗ ‘ಉಳಿಸಿ’ ಎನ್ನುವ ನಾವು ಊರಿನಲ್ಲಿ ‘ನೇಣು ಹಾಕಿ’ ಎನ್ನುತ್ತೇವೆ. ಎರಡನ್ನೂ ಒಟ್ಟಿಗೆ ಇಟ್ಟು ಯೋಚನೆ ಮಾಡಬೇಕು.

ಸುಮಾ, ದಾವಣಗೆರೆ

ನಾನು ಶಾಲಾ ಶಿಕ್ಷಕಿ. ಮಕ್ಕಳ ಮೇಲಿನ ದೌರ್ಜನ್ಯದ ವಿಷಯ ಹೇಳಲೇಬೇಕು. 2018ರಲ್ಲಿ 12 ವರ್ಷದೊಳಗಿನ ಹೆಣ್ಣುಮಕ್ಕಳ ಅತ್ಯಾಚಾರಕ್ಕೆ ಗಲ್ಲು ಸೇರಿಸಿದರು, 2019ರಲ್ಲಿ ಪೋಕ್ಸೊ ಕಾಯಿದೆಗೂ ಸೇರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಹೆದರಿಕೆಯಾಯಿತು.

ಯಾಕೆಂದರೆ ಇಂಥ ಕೇಸುಗಳಲ್ಲಿ ಬಹುತೇಕ ಆರೋಪಿ ಗುರುತಿನವನೇ. ಮಾವ, ದೊಡ್ಡಪ್ಪ, ಪಕ್ಕದ ಮನೆಯವನು. ‘ನೀನು ಬಾಯಿ ಬಿಟ್ಟರೆ ಮಾವನಿಗೆ ನೇಣಾಗುತ್ತದೆ’ ಎಂದು ಮನೆಯವರೇ ಹೇಳಿದರೆ ಎಂಟು ವರ್ಷದ ಮಗು ಬಾಯಿ ಬಿಡುತ್ತದಾ? ಶಿಕ್ಷೆ ದೊಡ್ಡದಾದಷ್ಟೂ ದೂರು ಕಡಿಮೆಯಾಗುತ್ತದೆ ಎಂಬ ಅಂಜಿಕೆ ನನ್ನದು. ಕೊಂದರೂ ಗಲ್ಲು, ಬಿಟ್ಟರೂ ಗಲ್ಲು ಎಂದಾದರೆ ಅವನು ಮಗುವನ್ನು ಜೀವಂತ ಬಿಡಲು ಕಾರಣ ಏನು ಉಳಿಯಿತು?

ದೆಹಲಿಯ 2012ರ ಘಟನೆಯ ನಂತರ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿ ಬಂತಲ್ಲ, ಅದಕ್ಕೆ ದೇಶದ ಜನ ಸುಮಾರು 80,000 ಸಲಹೆ ಕಳಿಸಿದ್ದರು. ಸಮಿತಿ 29 ದಿನದಲ್ಲಿ ವರದಿ ಕೊಟ್ಟಿತು. ಅಷ್ಟು ಸಿಟ್ಟಿನ ನಡುವೆಯೂ ಅತ್ಯಾಚಾರಕ್ಕೆ ಮರಣದಂಡನೆ ಬೇಡ ಎಂದಿತು. ಮಹಿಳಾ ಸಂಘಟನೆಗಳೇ ಬೇಡ ಎಂದಿದ್ದವು. ಸರ್ಕಾರ ಮಾತ್ರ ಕೆಲವು ಬಗೆಯ ಕೇಸುಗಳಿಗೆ ಸೇರಿಸಿತು. ಆದರೂ ಆ 80,000 ಪತ್ರ ಬರೆದವರ ಶ್ರಮ ನನಗೆ ದೊಡ್ಡದು. ಅವರಲ್ಲಿ ನನ್ನಂಥ ಶಿಕ್ಷಕಿಯರೂ ಇದ್ದಿರಬೇಕು.

ಮಂಡ್ಯದ ಮಂಜು

ಸುಮಾ ಅಕ್ಕ ಹೇಳಿದ್ದು ಯೋಚನೆ ಮಾಡೋ ವಿಷಯ. ಆದ್ರೆ ಹೆದರಿಕೆ ಅನ್ನೋದು ಬೇಕೇ ಬೇಕು ಅಂತ ನನಗೆ ಈಗಲೂ ಇದೆ. ಭಯೋತ್ಪಾದಕರಿಗೆ ಏನು ಹೇಳ್ತೀರಿ? ಕಸಬ್‌ನನ್ನು ಜೈಲಿನಲ್ಲಿ ಸಾಕಬೇಕಿತ್ತಾ?

ಕಾನೂನು ವಿದ್ಯಾರ್ಥಿ, ಮೈಸೂರು

ಈ ಪ್ರಶ್ನೆಯ ಮುಂದೆ ಕಾನೂನು ಆಯೋಗವೂ ಹಿಂಜರಿದಿದೆ ಅಣ್ಣ. 2015ರಲ್ಲಿ ನ್ಯಾಯಮೂರ್ತಿ ಎ. ಪಿ. ಶಾ ಅಧ್ಯಕ್ಷತೆಯ ಆಯೋಗ 262ನೇ ವರದಿ ಕೊಟ್ಟಿತು. ಮರಣದಂಡನೆ ರದ್ದು ಮಾಡಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರುವ ಕೇಸುಗಳಿಗೆ ಮಾತ್ರ ಇರಲಿ ಎಂದಿತು.

ನನಗೆ ಆ ವಿನಾಯಿತಿ ಒಪ್ಪಿಗೆ ಇಲ್ಲ. ಭಯೋತ್ಪಾದನೆಯ ಕೇಸುಗಳಲ್ಲೇ ತಪ್ಪು ಜಾಸ್ತಿ ಆಗುವ ಸಾಧ್ಯತೆ. ಒತ್ತಡ ಅಷ್ಟಿರುತ್ತದೆ. ಅಕ್ಷರಧಾಮ ಕೇಸಿನಲ್ಲಿ ಗಲ್ಲು ಆದವರನ್ನು 2014ರಲ್ಲಿ ಸುಪ್ರೀಂ ಕೋರ್ಟ್ ಖುಲಾಸೆ ಮಾಡಿತು. ಮುಂಬೈ ರೈಲು ಸ್ಫೋಟದ ಕೇಸಿನಲ್ಲಿ 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ 12 ಜನರನ್ನು ಬಿಟ್ಟಿತು, ಅವರಲ್ಲಿ ಐವರಿಗೆ ಗಲ್ಲಾಗಿತ್ತು. ಅದರ ವಿರುದ್ಧ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿದೆ.

ಹೆದರಿಕೆಯ ಬಗ್ಗೆ: ತಿರುವಾಂಕೂರು ಸಂಸ್ಥಾನ 1944ರಲ್ಲಿ ಮರಣದಂಡನೆ ತೆಗೆದಿತ್ತು. ಭಾರತಕ್ಕೆ ಸೇರಿದ ಮೇಲೆ ಮತ್ತೆ ಬಂತು. ಎರಡೂ ಕಾಲದ ಕೊಲೆಗಳ ಲೆಕ್ಕ ಹೋಲಿಸಿ ನೋಡಿದರೆ ಹೆಚ್ಚು ಕಡಿಮೆ ಒಂದೇ. ಈ ಶತಮಾನದಲ್ಲಿ ಭಾರತದಲ್ಲಿ ಗಲ್ಲಿಗೇರಿದವರು ಎಂಟು ಜನ. 2024ರ ಕೊನೆಗೆ ಗಲ್ಲು ಶಿಕ್ಷೆ ಹೊತ್ತು ಜೈಲಿನಲ್ಲಿದ್ದವರು 560ಕ್ಕೂ ಹೆಚ್ಚು. ಕೆಳಗಿನ ಕೋರ್ಟುಗಳು ಕೊಡುವ ಗಲ್ಲುಗಳಲ್ಲಿ ಸುಪ್ರೀಂ ಕೋರ್ಟಿನ ತನಕ ಉಳಿಯುವುದು ನೂರಕ್ಕೆ ಐದೂ ಇಲ್ಲ. ಉಳಿದ ತೊಂಬತ್ತೈದು ಮನೆಗಳವರು, ಕೊಲೆಯಾದವರ ಕಡೆಯವರೂ ಸೇರಿ, ವರ್ಷಗಟ್ಟಲೆ ಸುಮ್ನೆ ಕಾಯುತ್ತಾರೆ.

ವರದೆಯ ತೀರ

ಆ ಕೊನೆಯ ಸಾಲು ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ, ಒಂದು ಪ್ರಶ್ನೆ ಕೇಳಿದರು. ‘ಕೊಂದವನು ಒಂದು ಸಲ ಆದರೂ ಬಾಯಿಬಿಟ್ಟು ತಪ್ಪಾಯಿತು ಅಂತ ಹೇಳುವ ಹಾಗೆ ಯಾವ ಕಾನೂನಿನಲ್ಲಿ ಇದೆ?’ ಉತ್ತರ ಗೊತ್ತಿದ್ದವರು ಹೇಳಿ.

ಶಾಲ್ಮಲಾ, ಧಾರವಾಡ

ಹಾಗೆ ಕಡ್ಡಾಯ ಮಾಡುವ ಕಾನೂನು ನಮ್ಮಲ್ಲಿ ಇಲ್ಲ. ಶಿಕ್ಷೆಯ ವಿಚಾರಣೆ ಸರಿಯಾಗಿ ನಡೆದರೆ ಅದಕ್ಕೆ ಸ್ವಲ್ಪ ಜಾಗ ಸಿಗಬಹುದು. 2022ರ ಮೇ ತಿಂಗಳಲ್ಲಿ ಮನೋಜ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಗಲ್ಲು ಕೊಡುವ ಮುಂಚೆ ಆರೋಪಿಯ ಮನಸ್ಥಿತಿಯ ವರದಿ, ಜೈಲಿನ ನಡವಳಿಕೆಯ ವರದಿ, ಅವನು ಬೆಳೆದ ಹಿನ್ನೆಲೆ ಎಲ್ಲ ತರಿಸಿ ನೋಡಬೇಕು. ಪಶ್ಚಾತ್ತಾಪ ಇದೆಯೋ ಇಲ್ಲವೋ ಎಂಬುದೂ ಅಲ್ಲಿ ಬರುತ್ತದೆ. 1980ರ ಬಚನ್ ಸಿಂಗ್ ತೀರ್ಪಿನಲ್ಲೇ ‘ಅಪರೂಪದಲ್ಲಿ ಅಪರೂಪ’ ಎಂದಾಗ ಅಪರಾಧದ ಜೊತೆ ಅಪರಾಧಿಯನ್ನೂ ನೋಡಿ ಎಂದಿದ್ದರು. ಅದು ಪತ್ರಿಕೆಯ ತಲೆಬರಹದಲ್ಲಿ ಉಳಿಯಿತು, ಕೋರ್ಟಿನ ದಿನಚರಿಗೆ ಬರಲಿಲ್ಲ.

ಹಾಗಾಗಿ ಈ ಚರ್ಚೆಯಲ್ಲಿ ಪಾಲ್ಗೊಳ್ಳಬೇಕು ಎನ್ನುವವರಿಗೆ ನನ್ನ ಕಡೆಯಿಂದ ಇಷ್ಟು. ನಿಮ್ಮ ಊರಿನ ಸೆಷನ್ಸ್ ಕೋರ್ಟಿನಲ್ಲಿ ಕೊಲೆ ಕೇಸಿನ ಶಿಕ್ಷೆಯ ವಿಚಾರಣೆ ಇದ್ದಾಗ ಹೋಗಿ ಕೂರಿ. ಅದು ತೆರೆದ ಕೋರ್ಟ್, ಯಾರು ಬೇಕಾದರೂ ಕೂರಬಹುದು. ಎಷ್ಟು ಹೊತ್ತು ನಡೆಯಿತು, ಆರೋಪಿಯ ವಕೀಲರು ಏನು ಹಾಜರುಪಡಿಸಿದರು, ಸತ್ತವರ ಮನೆಯವರು ಬಂದಿದ್ದರಾ ನೋಡಿ. ಅತ್ಯಾಚಾರದ ಕೇಸಾದರೆ ವಿಚಾರಣೆ ಗುಟ್ಟಾಗಿ ನಡೆಯುತ್ತದೆ, ಅಲ್ಲಿಗೆ ಹೋಗಬೇಡಿ. ನೊಂದವರ ಹೆಸರು, ಫೋಟೋ ಎಲ್ಲೂ ಹಂಚಬೇಡಿ, ಅದು ಅಪರಾಧ.

ಓದು ಬರಹ ಬಲ್ಲವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆ ಕಾನೂನು ಸ್ವಯಂಸೇವಕರಾಗಬಹುದು. ವಕೀಲರೇ ಆಗಬೇಕಿಲ್ಲ. ಇತ್ತ ಕೈದಿಗೂ ಅತ್ತ ವರದೆಯ ತೀರದವರ ಚಿಕ್ಕಮ್ಮನಂಥವರಿಗೂ ಅದೇ ಕಚೇರಿಯಿಂದ ನೆರವು ಸಿಗುತ್ತದೆ.

ಇನ್ನೊಂದು, ವಕೀಲ ಮಿತ್ರರಿಗೆ. ‘ಈ ಆರೋಪಿಯ ಪರ ಯಾರೂ ವಾದಿಸಬಾರದು’ ಎಂದು ಸಂಘದಲ್ಲಿ ಠರಾವು ಬಂದರೆ ಎದ್ದು ನಿಂತು ವಿರೋಧಿಸಿ. ಅಂಥ ಠರಾವು ಕಾನೂನಿಗೆ ವಿರುದ್ಧ ಎಂದು 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 2020ರಲ್ಲಿ ಹುಬ್ಬಳ್ಳಿಯಲ್ಲಿ ರಾಜದ್ರೋಹದ ಒಂದು ಕೇಸಿನಲ್ಲಿ ಹಾಗೆ ಮಾಡಿದಾಗ ನಮ್ಮ ಹೈಕೋರ್ಟ್ ಕಟುವಾಗಿ ಆಕ್ಷೇಪಿಸಿತು. ವಕೀಲರೇ ಇಲ್ಲದೆ ಬಂದ ಗಲ್ಲು ಮೇಲಿನ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಕೇಸು ಮತ್ತೆ ಮೊದಲಿನಿಂದ. ಅದರ ಕಷ್ಟ ನೊಂದವರಿಗೇ.

ಮಂಡ್ಯದ ಮಂಜು

ನನ್ನ ಅಭಿಪ್ರಾಯ ಬದಲಾಗಿಲ್ಲ ಮೇಡಂ, ಕೆಲವರಿಗೆ ಗಲ್ಲೇ ಆಗಬೇಕು. ಆದ್ರೆ ಆ ನಾಸಿಕ್ ಕೇಸು ತಲೆಯಿಂದ ಹೋಗ್ತಿಲ್ಲ. ಮಂಡ್ಯ ಕೋರ್ಟಿಗೆ ಹೋಗಿ ಕೂರ್ತೀನಿ. ಹೋಗೋವಾಗ ಗುರುತಿನ ಚೀಟಿ ಏನಾದ್ರೂ ಬೇಕಾ? ಆ ತೀರ್ಪುಗಳು ಕನ್ನಡದಲ್ಲಿ ಸಿಗ್ತವಾ?

ಶಾಲ್ಮಲಾ, ಧಾರವಾಡ

ಆಧಾರ್ ಇಟ್ಟುಕೊಂಡಿರಿ, ಕೆಲವು ಕಡೆ ಗೇಟಿನಲ್ಲಿ ಕೇಳುತ್ತಾರೆ. ಒಳಗೆ ಫೋನ್ ಬಂದ್ ಮಾಡಿ. ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಕೆಲವು ತೀರ್ಪುಗಳ ಕನ್ನಡ ಅನುವಾದ ಇದೆ, ಎಲ್ಲವೂ ಇಲ್ಲ. ಉಮೇಶ್ ರೆಡ್ಡಿ ಕೇಸಿನ 2022ರ ತೀರ್ಪು ತೀರಾ ಉದ್ದ ಇಲ್ಲ. ಮೈಸೂರಿನ ವಿದ್ಯಾರ್ಥಿ ಮತ್ತು ನಾನು ಸೇರಿ ಅದರ ಸಾರಾಂಶವನ್ನು ಕನ್ನಡದಲ್ಲಿ ಬರೆದು ಇಲ್ಲೇ ಹಾಕುತ್ತೇವೆ. ಓದಿ ತಕರಾರು ಇದ್ದರೆ ಸಾಲು ಸಾಲಾಗಿ ಹೇಳಿ.